ದೀಪಕ್ಕಿಲ್ಲದ ಹರಳೆಣ್ಣೆ

ಮೊನ್ನೆ ಕೊಪ್ಪದ ಗೊಬ್ಬರದಂಗಡಿಯಲ್ಲಿ ಗುಲಾಬಿ ಗಿಡಕ್ಕೆಂದು ಎಲುಬಿನ ಗೊಬ್ಬರ ತೂಗಿಸಿಕೊಳ್ಳುತ್ತಿದ್ದೆ. ಚೀಲದ ಬಾಯಿ ಬಿಚ್ಚಿದ ಕೂಡಲೇ ಕಮಟು ವಾಸನೆ ಮೂಗಿಗೆ ಹೊಡೆಯಿತು. ಮುಖ ಸಿಂಡರಿಸುವ ಬದಲು ನನ್ನ ಕಣ್ಣು ತುಂಬಿದ್ದು ನೋಡಿ ಅಂಗಡಿಯವನಿಗೇ ಗಾಬರಿ. ಹಿಂದೆ ಪಕ್ಕದ ಮನೆಯಲ್ಲಿದ್ದ ದೊಡ್ಡಮ್ಮ ನೆನಪಾಗಿದ್ದರು...

ನಾನು ಮದುವೆಯಾಗಿ ನರಸಿಂಹರಾಜಪುರದ ಆ ಕೇರಿಗೆ ಬಂದಾಗ ಅವರ ಹಿತ್ತಲಿನಲ್ಲಿ ಸಾಲಾಗಿ ಹರಳು ಗಿಡಗಳಿದ್ದವು. ಬೀಜ ಹುರಿದು, ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಸೌಟಿನಲ್ಲಿ ತೆಗೆಯುತ್ತಿದ್ದರು. ಅದು ದೇವರ ದೀಪಕ್ಕೆ, ಮತ್ತೆ ಕೇರಿಯಲ್ಲಿ ಹುಟ್ಟುವ ಕೂಸುಗಳ ನೆತ್ತಿಗೆ. ಅಂಗಡಿ ಎಣ್ಣೆ ಎರಡಕ್ಕೂ ಆಗದು ಎಂಬುದು ಅವರ ಹಟ. ಮಡಿಯ ವಿಷಯದಲ್ಲಂತೂ ಅವರ ಮುಂದೆ ಯಾರೂ ಉಸಿರೆತ್ತುವಂತಿರಲಿಲ್ಲ.

ನಾನು ಚೊಚ್ಚಲ ಬಸುರಿಯಾದ ವರ್ಷವೇ ಗಿಡಗಳು ಕೈಕೊಟ್ಟವು. ಮೊಣಕಾಲೆತ್ತರಕ್ಕೆ ನಿಂತುಬಿಟ್ಟವು, ಎಲೆಯೆಲ್ಲ ನೇರಳೆಗೆ ತಿರುಗಿತು, ಹೂಗೊಂಚಲಿನ ಸುಳಿವೇ ಇಲ್ಲ. ಒಂದು ಎಲೆ ಕಿತ್ತುಕೊಂಡು ಇಬ್ಬರೂ ಗೊಬ್ಬರದಂಗಡಿಗೆ ಹೋದೆವು.

"ಮಣ್ಣಲ್ಲಿ ರಂಜಕದ ಸತ್ವ ಸಾಲದು ಅಮ್ಮಾ. ಇದ್ದದ್ದೂ ನಮ್ಮ ಹುಳಿಮಣ್ಣಲ್ಲಿ ಬೇರಿಗೆ ಸಿಗಲ್ಲ. ಎಲುಬಿನ ಗೊಬ್ಬರ ಹಾಕಿ" ಎಂದ ಅಂಗಡಿಯವ.

"ಎಂತ ಮಾತಾಡ್ತೀಯ ಮಾರಾಯಾ! ಎಲುಬು ತಿಂದ ಗಿಡದ ಎಣ್ಣೇಲಿ ದೇವರಿಗೆ ದೀಪ ಹಚ್ಚದಾ?"

ದೊಡ್ಡಮ್ಮ ದಾರಿಯುದ್ದಕ್ಕೂ ಗೊಣಗಿದರು. ಮನೆಗೆ ಬಂದವರೇ ತಲೆಗೆ ಸ್ನಾನ ಮಾಡಿದರು. ಆಮೇಲೆ ಗಿಡಗಳಿಗೆ ಒಲೆಬೂದಿ ಹಾಕಿದರು, ಸಗಣಿ ನೀರು ಎರೆದರು. ಜಪ್ಪಯ್ಯ ಎಂದರೂ ಅವು ಮೇಲೇಳಲಿಲ್ಲ. ಬೆಳೆಯುತ್ತಿದ್ದದ್ದು ನನ್ನ ಹೊಟ್ಟೆಯೊಂದೇ.

ಒಂದು ಬೆಳಿಗ್ಗೆ ಬಟ್ಟೆ ಒಣಹಾಕಲು ಹೋದರೆ, ಬೇಲಿಯಾಚೆ ದೊಡ್ಡಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಗಿಡದ ಬುಡಕ್ಕೆ ಬಿಳಿ ಪುಡಿ ಹಾಕುತ್ತಿದ್ದರು. ಆ ವಾಸನೆ... ನಾನು ಬಾಯಿ ಬಿಡುವ ಮೊದಲೇ ಅವರು ಹೇಳಿದರು:

"ಇನ್ನು ದೇವರಿಗೆ ಅಂಗಡಿ ಎಣ್ಣೆಯೇ ಸಾಕು ಕಣೇ. ಅವನಾದರೆ ಸುಧಾರಿಸ್ಕೋತಾನೆ. ನಿನ್ನ ಕೂಸು ಕಾಯುತ್ತಾ?"

ಗಿಡಗಳು ನಿಧಾನಕ್ಕೆ ಹಸಿರಾದವು, ಗೊಂಚಲು ಬಿಟ್ಟವು. ನನ್ನ ಮಗಳ ನೆತ್ತಿಗೆ ಮೊದಲ ಎಣ್ಣೆ ಇಟ್ಟದ್ದು ದೊಡ್ಡಮ್ಮನ ಅಂಗೈ. ಆದರೆ ಅವರ ದೇವರ ಮನೆಯಲ್ಲಿ ಹರಳೆಣ್ಣೆಯ ದೀಪ ಮತ್ತೆಂದೂ ಉರಿಯಲಿಲ್ಲ. ಅಷ್ಟು ದೊಡ್ಡದನ್ನು ನನಗಾಗಿ ಬಿಟ್ಟುಕೊಟ್ಟಿದ್ದರು ಎಂದು ಆಗ ನನಗೆ ಹೊಳೆದಿರಲೂ ಇಲ್ಲ.

ಈಗ ಆ ಮಗಳೇ ಬಸುರಿ. ದೊಡ್ಡಮ್ಮ ತೀರಿಕೊಂಡು ಎಷ್ಟೋ ವರ್ಷವಾಯಿತು, ಅವರ ಹಿತ್ತಲಿನಲ್ಲಿ ಯಾರದೋ ಕಾರು ನಿಲ್ಲುತ್ತದೆ. ಅಂಗಡಿಯಿಂದ ಬಂದವಳು ಗುಲಾಬಿಯನ್ನು ಮರೆತು ನಾಲ್ಕು ಹರಳು ಬೀಜ ಊರಿದೆ, ತಂದ ಗೊಬ್ಬರವನ್ನು ಅಲ್ಲಿಗೇ ಹಾಕಿದೆ. ಎಣ್ಣೆಯನ್ನೇನೋ ನಾನು ಕಾಯಿಸಿಯೇನು. ಆ ಅಂಗೈಯನ್ನು ಎಲ್ಲಿಂದ ತರಲಿ?