ಅಂಚು ಹರಿದ ರೊಟ್ಟಿ

ವಾಡಿಯ ನಮ್ಮ ಓಣಿಯಲ್ಲಿ ಆಕೆ ರೊಟ್ಟಿ ಬಡಿದು ಮಾರುತ್ತಿದ್ದಳು. ತಮ್ಮನ ಊಟಕ್ಕೆ ವಿಷ ಹಾಕಿ ಕೊಂದ ಆರೋಪದ ಮೇಲೆ ಆಕೆಯ ದೊಡ್ಡ ಮಗ ಜೈಲು ಸೇರಿದ್ದ. ಅಂದಿನಿಂದ ಯಾರಿಗೇ ರೊಟ್ಟಿ ಕೊಟ್ಟರೂ ಅಂಚು ಹರಿದು ಮೊದಲು ತಾನು ತಿಂದು, "ತಗೋರಿ, ಬಿಸಿ ಅದ" ಎನ್ನುತ್ತಿದ್ದಳು.

ಅವನೇ ಅಪರಾಧಿ ಎಂದು ತೀರ್ಪು ಬಂದ ದಿನ ಓಣಿಯ ಮಂದಿ "ಭಾಳ ಚಲೋ ಆಯ್ತು" ಎನ್ನುತ್ತ ಪೇಡೆ ಹಂಚಿದರು. ಆಕೆಯ ಬಾಗಿಲಿಗೆ ಯಾರೂ ಹೋಗಲಿಲ್ಲ. ಸಂಜೆ ನಾನು ಹೋದಾಗ ಬೆಳಗಿನ ರೊಟ್ಟಿಗಳು ಬುಟ್ಟಿಯಲ್ಲಿ ಹಾಗೇ ಇದ್ದವು. ತಣ್ಣಗಿದ್ದ ಒಂದರ ಅಂಚು ಹರಿದು ಬಾಯಿಗಿಟ್ಟುಕೊಂಡು, "ತಗೋ, ಬಿಸಿ ಅದ" ಎಂದಳು.

"ನನ್ನ ಮುಂದ ಅದೆಲ್ಲ ಬ್ಯಾಡ್ರಿ ಎವ್ವಾ. ನನಗೇನೂ ಸಂಶಯ ಇಲ್ಲ."

"ಸಂಶಯಕ್ಕಲ್ಲೋ ಯಪ್ಪಾ. ಹಿಂಗಾದ್ರ ಯಾರದರ ಜೋಡಿ ಒಂದು ತುತ್ತು ಉಂಡಂಗ ಆಗ್ತದ."