ಸುಕ್ಕಿಲ್ಲದ ರೆಕ್ಕೆ

ಹಿಂದಿನ ಬೀದಿಯ ಮರದ ಮಿಲ್ಲಿನಲ್ಲಿ ಗರಗಸ ಕಿರ್ರೆಂದು ಏರಿ, ದಿಮ್ಮಿ ಮುಗಿಯುತ್ತಲೇ ಥಟ್ಟನೆ ನಿಂತಿತು. ಆ ಸದ್ದಿಗಿಂತ ಅದು ನಿಂತಾಗಲೇ ಅವನಿಗೆ ಕಿರಿಕಿರಿ. ಬೀದಿಯವರಿಗೆಲ್ಲ ಅವನು ಇಸ್ತ್ರಿಯಣ್ಣ. ಮೀಸೆ ಚಿಗುರುವ ಮೊದಲೇ ಇಸ್ತ್ರಿ ಮೇಜಿನ ಮುಂದೆ ನಿಂತವನು. ಊಟಕ್ಕೆ ಕುಳಿತಾಗಲೂ ಅವನ ಎಡಗೈ ಚಾಪೆಯ ಮಡಿಕೆಯನ್ನು ಸವರುತ್ತಲೇ ಇರುತ್ತಿತ್ತು.

"ಇವನು ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡ್ರೆ ಕೂರೋಕೂ ಭಯ ಕಣ್ರೀ" ಎಂದು ಗಿರಾಕಿಗಳು ನಗುತ್ತಿದ್ದರು. ಅವನು ಅದನ್ನು ಹೊಗಳಿಕೆಯೆಂದೇ ತಿಳಿದಿದ್ದ.

ಗಂಡ ತೀರಿಕೊಂಡ ಮೇಲೆ ಅಕ್ಕ ಮಗಳೊಂದಿಗೆ ಇವನ ಮನೆಯಲ್ಲೇ ಇದ್ದಳು. ರಿಮೋಟಿನಿಂದ ಹಾರುವ ಪುಟ್ಟ ವಿಮಾನದ ಬಿಡಿಭಾಗಗಳ ಪೆಟ್ಟಿಗೆಯನ್ನು ಅವನು ತಂದದ್ದು ಆ ಹುಡುಗಿ ಆಸೆಪಟ್ಟಳೆಂದು. ಉಗುರು ತಾಗಿದರೂ ಗುಳಿ ಬೀಳುವ ಹಗುರ ಮರ. ಪಕ್ಕೆಲುಬಿನಂಥ ಪಟ್ಟಿಗಳನ್ನು ಒಂದೊಂದಾಗಿ ಅಂಟಿಸಿ ರೆಕ್ಕೆ ಕಟ್ಟಿದ. ಮೂತಿಗೆ ಮೋಟಾರು, ಫ್ಯಾನು ಕೂಡಿಸಿದ. ಉಳಿದದ್ದು ಮೈಮೇಲೆ ಹೊದಿಸುವ ಕೆಂಪು ಪ್ಲಾಸ್ಟಿಕ್ ಹಾಳೆ. ಇಸ್ತ್ರಿಪೆಟ್ಟಿಗೆ ಒತ್ತಿದರೆ ಅದು ಅಂಟಿಕೊಂಡು ಬಿಗಿಯುತ್ತದೆ.

"ನನಗೇಂತಲೇ ಮಾಡಿದ ಹಾಗಿದೆಯಲ್ಲ!" ಎಂದು ಅವನು ಹಿಗ್ಗಿದ.

ಇಂಥ ವಿಮಾನಗಳನ್ನು ಹಾರಿಸಿ ಪಳಗಿದ ಬ್ಯಾಟರಿ ಅಂಗಡಿಯವನು ಮೊದಲೇ ಹೇಳಿದ್ದ: "ಮೇಲಷ್ಟು, ಕೆಳಗಷ್ಟು, ಸಮವಾಗಿ ಬಿಸಿ ಕೊಡು. ಸಣ್ಣಪುಟ್ಟ ಸುಕ್ಕಿದ್ರೆ ಬಿಟ್ಬಿಡು."

ಬಿಡುವುದು ಅವನಿಗೆ ಗೊತ್ತಿದ್ದರಲ್ಲವೇ? ಎಡರೆಕ್ಕೆಯ ಮೇಲೆ, ತುದಿಯ ಹತ್ತಿರ, ಕೂದಲೆಳೆಯಂಥ ಒಂದು ಗೆರೆ. ಅದು ಮಾಯವಾಗುವವರೆಗೂ ಅಲ್ಲೇ ಒತ್ತಿದ, ಮತ್ತೆ ಒತ್ತಿದ. ರೆಕ್ಕೆ ಕನ್ನಡಿಯಂತೆ ಹೊಳೆಯಿತು.

ಭಾನುವಾರ ಬೆಳಗ್ಗೆ ಬ್ಯಾಟರಿಯವನು ಬಂದು ರೆಕ್ಕೆಯನ್ನು ಇಸ್ತ್ರಿ ಮೇಜಿನ ಮೇಲೆ ಮಲಗಿಸಿದ. ಎಡತುದಿಯ ಹಿಂದಂಚು ಮೇಜಿಗೆ ತಾಗಲಿಲ್ಲ. ಆ ಸಂದಿನಲ್ಲಿ ಅವನ ಕಿರುಬೆರಳು ಸಲೀಸಾಗಿ ನುಗ್ಗಿತು.

"ಹಾಳೆ ಎಳೆದು ಮರಾನೇ ತಿರುಚಿದೆ. ಕೈ ಬಿಟ್ಟ ಕೂಡಲೇ ಎಡಕ್ಕೆ ಮಗುಚುತ್ತೆ. ಫ್ಯಾನು ಸಮೇತ, ಕೈಯಿಂದ ಎಸೆದು ಹಾರಿಸಿದವರ ಮೇಲೇ ತಿರುಗಿ ಬರಬಹುದು. ಎಸೆಯೋದು ಯಾರು?"

"ನಾನೇ!" ಎಂದಳು ಹುಡುಗಿ.

ಅಕ್ಕ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು.

"ಇನ್ನೊಂದ್ಸಲ ಬಿಸಿ ಮಾಡಿ, ಕೆಳಕ್ಕೆ ತಿರುಚಿ ಹಿಡ್ಕೋ" ಎಂದ ಬ್ಯಾಟರಿಯವನು. "ಸುಕ್ಕು ಬೀಳುತ್ತೆ, ಬೀಳ್ಲಿ."

ಇಸ್ತ್ರಿಪೆಟ್ಟಿಗೆ ಕಾದೇ ಇತ್ತು. ಇಸ್ತ್ರಿಯಣ್ಣ ಅದನ್ನು ರೆಕ್ಕೆಯ ಹತ್ತಿರ ತಂದ. ಹೊಳೆಯುವ ಕೆಂಪಿನಲ್ಲಿ ತನ್ನ ಮುಖ ಕಂಡಿತು. ಪೆಟ್ಟಿಗೆ ಕೆಳಗಿಟ್ಟು ಪ್ಲಗ್ ಕಿತ್ತ.

"ನನ್ನ ಮಗಳ ಮುಖಕ್ಕಿಂತ ನಿನ್ನ ರೆಕ್ಕೆ ಅಂದವೇ ಹೆಚ್ಚಾಯ್ತೇನೋ?"

"ಅವಳು ಎಸೆಯೋದು ಬೇಡಕ್ಕ. ನಾನೇ ಎಸೀತೀನಿ."

"ಹಾಗಾದ್ರೆ ರಿಮೋಟ್ ನಂಗೆ, ಮಾಮ!" ಹುಡುಗಿ ಆಗಲೇ ಅದನ್ನು ಎದೆಗವಚಿಕೊಂಡಿದ್ದಳು. ಅವಳು ಒಂದು ಗಾಳಿಪಟವನ್ನೂ ಹಾರಿಸಿದವಳಲ್ಲ.

ಬ್ಯಾಟರಿಯವನು ಅಕ್ಕನ ಮುಖ ನೋಡಿದ. ಅಕ್ಕನ ದನಿ ಇಳಿದಿತ್ತು: "ನಿನಗೇನಾದ್ರೂ ಆದ್ರೆ, ಈ ಮಗು ಜೀವಮಾನವೆಲ್ಲ ತನ್ನ ಕೈ ನೋಡ್ಕೊಂಡು ಅಳಬೇಕಲ್ಲೋ."

ಅವನು ರೆಕ್ಕೆಯನ್ನು ಮೈಗೆ ಕೂಡಿಸಿ, ಕಂಡೂ ಕಾಣದ ಧೂಳನ್ನು ಹೆಗಲ ಟವೆಲಿನಿಂದ ಒರೆಸಿ, ವಿಮಾನವನ್ನು ಎತ್ತಿಕೊಂಡ. ಹುಡುಗಿ ಮೈದಾನದ ಕಡೆಗೆ ಓಡಿಯೇಬಿಟ್ಟಿದ್ದಳು.

"ಏನೂ ಆಗಲ್ಲ ಕಣಕ್ಕ. ಅವಳು ರಿಮೋಟನ್ನ ಬಲಕ್ಕೆ ಗಟ್ಟಿಯಾಗಿ ಒತ್ತಿ ಹಿಡಿದ್ರೆ ಸಾಕು, ನಾನು ಎಸೆದ ಕೂಡಲೇ ಬಗ್ಗಿಬಿಡ್ತೀನಿ" ಎನ್ನುತ್ತಲೇ ಅವನು ಮೆಟ್ಟಿಲಿಳಿದು, ತಿರುಗಿ ನೋಡದೆ ಹುಡುಗಿಯ ಹಿಂದೆ ನಡೆದ.