ನಮ್ಮ ಫ್ರಿಜ್ ಅರೆಸ್ಟ್ ಆಯಿತು

ಕೇಳಿ ಮಾರಾಯ್ರೇ, ಇವತ್ತು ಮುಂಬೈಯ ಅಂಧೇರಿಯಲ್ಲಿರುವ ನಮ್ಮ ಪುಟ್ಟ ಬಯೋಟೆಕ್ ಕಂಪನಿಯ ಫ್ರಿಜ್ ಅರೆಸ್ಟ್ ಆಯಿತು.

ನಾವು ಮಾಡುವುದು ಹೊಟ್ಟೆಗೆ ಒಳ್ಳೆಯದಾದ ಜೀವಂತ ಬ್ಯಾಕ್ಟೀರಿಯಾದ ಪುಡಿ. ಆಹಾರ ವಿಭಾಗದವರು ಇದು ಔಷಧ ಅನ್ನುತ್ತಾರೆ, ಔಷಧ ವಿಭಾಗದವರು ಇದು ಆಹಾರ ಅನ್ನುತ್ತಾರೆ. ಲೈಸೆನ್ಸ್ ಕೊಡಲು ಇಬ್ಬರೂ ಇಲ್ಲ, ಕೇಸ್ ಹಾಕಲು ಇಬ್ಬರೂ ಮುಂದೆ.

ಇದು ಔಷಧವೇ ಅಲ್ಲ ಅನ್ನುವ ಔಷಧ ವಿಭಾಗದ ಇನ್ಸ್‌ಪೆಕ್ಟರ್ ಬೆಳಿಗ್ಗೆ ಬಂದರು. ಡಬ್ಬಿಯ ಮೇಲೆ 'ಜೀವಂತ' ಅಂತ ಬರೆದದ್ದು ಸುಳ್ಳು ಅಂತ ಯಾರೋ ದೂರು ಕೊಟ್ಟಿದ್ದಾರಂತೆ. ನಾನು ಫೋನಿನಲ್ಲಿ ಅಮ್ಮನ ಹತ್ತಿರ ಕನ್ನಡ ಮಾತಾಡಿದ್ದು ಕೇಳಿ ಅವರ ಮುಖ ಅರಳಿತು.

"ನಮ್ಮ ಮಂದೀನ ಏನ್ರೀ? ನಮ್ದು ವಿಜಾಪುರ!"

ಆ ಅಭಿಮಾನಕ್ಕೆ ಫ್ರಿಜ್ ಬಾಗಿಲಿಗೆ ಹಾಕುತ್ತಿದ್ದ ಸೀಲಿಗೆ ಇನ್ನಷ್ಟು ಅರಗು ಬಿತ್ತು. ಆಮೇಲೆ ಸ್ವಿಚ್ ಆಫ್ ಮಾಡಿದರು.

"ಅಯ್ಯೋ ಸರ್, ಒಳಗಿರುವುದು ನಮ್ಮ ಮೂಲ ಹೆಪ್ಪು! ತಂಪಿಲ್ಲದೆ ಅದು ಸತ್ತರೆ ಕಂಪನಿಯ ಶಟರ್ ಎಳೆಯಬೇಕು," ಅಂದೆ.

"ಸೀಲ್ ಹಾಕಿದ ಮ್ಯಾಲ ಕರೆಂಟ್ ಇರಬಾರದ್ರೀ ಅಕ್ಕಾರ. ಬೆಂಕಿ ಹತ್ತಿದ್ರ ಜವಾಬ್ದಾರಿ ಯಾರದು?" ಅಂತ ಪ್ಲಗ್ಗಿಗೂ ಅರಗು ಮೆತ್ತಿದರು. "ಬ್ಯಾಕ್ಟೀರಿಯಾ ಬದುಕೇದೋ ಇಲ್ಲೋ, ಮುಂದಿನ ವಾರ ಬಂದು ಸ್ಯಾಂಪಲ್ ಒಯ್ದು ನೋಡ್ತೀವಿ."

ಊರಿನವರಲ್ಲವೇ, ಬರಿಗಂಟಲಲ್ಲಿ ಕಳಿಸುವುದು ಹೇಗೆ? ಕೆಳಗಿನ ಉಡುಪಿ ಹೋಟೆಲಿನಿಂದ ಮಜ್ಜಿಗೆ ತರಿಸಿ ಕೊಟ್ಟೆ. ಒಂದು ಗುಟುಕು ಕುಡಿದವರೇ ಮುಖ ಕಿವುಚಿದರು.

"ಹುಳಿ ಆಗೇತ್ರೀ. ಮಜ್ಜಿಗೀನ ಫ್ರಿಜ್‌ನ್ಯಾಗ ಇಡಬೇಕಂತ ಇವ್ರಿಗೆ ಅಷ್ಟೂ ತಿಳಿಯಂಗಿಲ್ಲೇನು?"